ಎದೆಯುರಿ, ಅಜೀರ್ಣ ಮತ್ತು ಆ್ಯಂಟಾಸಿಡ್: ಹೊಟ್ಟೆಯೊಳಗೆ ಅದು ಮಾಡುವ ಕೆಲಸ, ಮಾಡದ ಕೆಲಸ

ಹಬ್ಬದ ದಿನ ಊಟ ಮುಗಿಯುವಾಗ ಮಧ್ಯಾಹ್ನ ಎರಡೂವರೆ ದಾಟಿರುತ್ತದೆ. ತುಪ್ಪ ಸುರಿಸಿಕೊಂಡ ಮೂರನೆಯ ಹೋಳಿಗೆ, ಒಬ್ಬಟ್ಟಿನ ಸಾರು, ಚಿತ್ರಾನ್ನ, ಬೋಂಡ, ಎಲ್ಲದರ ಮೇಲೊಂದು ಲೋಟ ಪಾಯಸ. ಕೈ ತೊಳೆದುಕೊಂಡು ಚಾಪೆ ಹಾಸಿ ಮಲಗಿದ ಅರ್ಧ ಗಂಟೆಗೆ ಎದೆಮೂಳೆಯ ಹಿಂದೆ ಸಣ್ಣಗೆ ಉರಿ ಏಳುತ್ತದೆ, ಮಗ್ಗುಲು ಬದಲಿಸಿದರೆ ಗಂಟಲಿನವರೆಗೆ ಹುಳಿನೀರು ಬರುತ್ತದೆ. ಮನೆಯ ಹಿರಿಯರೊಬ್ಬರು ಅಡುಗೆಮನೆಯಿಂದಲೇ "ಗ್ಯಾಸ್ಟ್ರಿಕ್ ಆಗಿರಬೇಕು, ಒಂದು ಈನೋ ಕುಡಿ" ಎನ್ನುತ್ತಾರೆ. ಲೋಟದ ನೀರಿಗೆ ಪುಡಿ ಬಿದ್ದೊಡನೆ ಬುಸ್ ಎಂದು ನೊರೆ ಉಕ್ಕುತ್ತದೆ, ಕುಡಿದ ಎರಡು ನಿಮಿಷದಲ್ಲಿ ದೊಡ್ಡದೊಂದು ತೇಗು ಬರುತ್ತದೆ, ಉರಿ ಇಳಿಯುತ್ತದೆ. ಔಷಧ ಕೆಲಸ ಮಾಡಿತೆಂದು ಎಲ್ಲರಿಗೂ ಸಮಾಧಾನ.

ಔಷಧ ಕೆಲಸ ಮಾಡಿದ್ದು ನಿಜ. ಆದರೆ ಅದು ಯಾವ ಕೆಲಸವನ್ನು ಮಾಡಿತು, ಯಾವುದನ್ನು ಮಾಡಲಿಲ್ಲ ಎಂಬುದು ಸ್ಪಷ್ಟವಾಗಿ ತಿಳಿದಿರುವುದು ಬಹಳ ಮುಖ್ಯ. ಏಕೆಂದರೆ ನಾವು "ಗ್ಯಾಸ್ಟ್ರಿಕ್" ಎಂಬ ಒಂದೇ ಪದದೊಳಗೆ ಕನಿಷ್ಠ ಐದಾರು ಬೇರೆ ಬೇರೆ ತೊಂದರೆಗಳನ್ನು ತುಂಬಿಟ್ಟಿದ್ದೇವೆ: ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಹಸಿದಾಗ ಮೇಲುಹೊಟ್ಟೆಯಲ್ಲಿ ಬರುವ ಸಂಕಟ, ಕೆಲವೊಮ್ಮೆ ಹೃದಯದಿಂದಲೇ ಬರುವ ನೋವು. ಆ್ಯಂಟಾಸಿಡ್ ಇವುಗಳಲ್ಲಿ ಕೆಲವಕ್ಕೆ ಮಾತ್ರ ಮದ್ದು. ಶಾಲೆಯ ಪಠ್ಯಪುಸ್ತಕ ಇದನ್ನು ಆಮ್ಲಶಾಮಕ ಎಂದು ಕರೆಯುತ್ತದೆ, ಆ ಹೆಸರಿನಲ್ಲಿಯೇ ಅದರ ಕೆಲಸವೂ ಮಿತಿಯೂ ಇವೆ. ಈಗಾಗಲೇ ಸುರಿದಿರುವ ಆಮ್ಲವನ್ನು ಅದು ಶಮನ ಮಾಡುತ್ತದೆ, ಆಮ್ಲ ತಯಾರಾಗುವುದನ್ನು ನಿಲ್ಲಿಸುವುದಿಲ್ಲ, ಆಮ್ಲ ಮೇಲಕ್ಕೆ ನುಗ್ಗುವ ದಾರಿಯನ್ನೂ ಮುಚ್ಚುವುದಿಲ್ಲ. ಅದನ್ನು ಯಾವಾಗ, ಎಷ್ಟು, ಯಾವುದರ ಜೊತೆ ತೆಗೆದುಕೊಳ್ಳಬೇಕು ಎಂಬುದೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಮೊದಲು ಆಮ್ಲದ ಮಾತು. ಜಠರರಸದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಅವರಿಗೆ ಯಾರೂ ನಿರೀಕ್ಷಿಸದ ಅವಕಾಶವೊಂದು ಒದಗಿತ್ತು. 1822ರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಗಾಯ ಪೂರ್ತಿ ಮುಚ್ಚದೆ ಹೊಟ್ಟೆಗೆ ಒಂದು ಕಿಂಡಿ ಉಳಿದುಬಿಟ್ಟಿತು. ಬೋಮಾಂಟ್ ದಾರಕ್ಕೆ ಕಟ್ಟಿದ ಆಹಾರದ ತುಣುಕುಗಳನ್ನು ಆ ಕಿಂಡಿಯಿಂದ ಒಳಗೆ ಇಳಿಬಿಟ್ಟು, ಸ್ವಲ್ಪ ಹೊತ್ತಿನ ನಂತರ ಮೇಲೆಳೆದು, ಅವು ಎಷ್ಟು ಕರಗಿವೆಯೆಂದು ನೋಡುತ್ತ ವರ್ಷಗಟ್ಟಲೆ ಬರೆದಿಟ್ಟರು. ಪಚನ ಎಂಬುದು ಅರೆಯುವ ಕ್ರಿಯೆಯಷ್ಟೇ ಅಲ್ಲ, ರಾಸಾಯನಿಕವಾಗಿ ಕರಗಿಸುವ ಕ್ರಿಯೆಯೂ ಹೌದು ಎಂಬುದು ಹಾಗೆ ಕಣ್ಣಿಗೆ ಕಂಡ ಸತ್ಯವಾಯಿತು.

ನಮ್ಮ ಜಠರ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರಿನಷ್ಟು ರಸವನ್ನು ಸುರಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಅದರ ಪಿಎಚ್ (ಹುಳಿಯ ಅಳತೆ, ಅಂಕ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸಾಮಾನ್ಯವಾಗಿ 1.5ರಿಂದ 3.5ರೊಳಗೆ ಇರುತ್ತದೆ; ನಿಂಬೆರಸದ ಹುಳಿ 2ರ ಆಸುಪಾಸಿನದು ಎಂದರೆ ಅದರ ಬಿರುಸು ಅರ್ಥವಾದೀತು. ಈ ಆಮ್ಲ ನಮಗೆ ಶತ್ರುವಲ್ಲ. ಆಹಾರದ ಜೊತೆ ಬರುವ ರೋಗಾಣುಗಳನ್ನು ಅದು ಕೊಲ್ಲುತ್ತದೆ, ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವನ್ನು ಎಚ್ಚರಿಸುತ್ತದೆ. ಜಠರದ ಒಳಗೋಡೆಗೆ ಲೋಳೆ ಮತ್ತು ಬೈಕಾರ್ಬನೇಟಿನ ಲೇಪವಿರುವುದರಿಂದ ಆಮ್ಲ ಅದನ್ನು ಸುಡುವುದಿಲ್ಲ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಆದ್ದರಿಂದ ಎದೆಯುರಿ ಇರುವ ಬಹುಪಾಲು ಜನರಲ್ಲಿ ತೊಂದರೆ ಆಮ್ಲ ಹೆಚ್ಚಾಗಿದೆ ಎಂಬುದಲ್ಲ, ಇರಬೇಕಾದ ಆಮ್ಲ ಇರಬಾರದ ಜಾಗಕ್ಕೆ ಏರಿದೆ ಎಂಬುದು.

ಅನ್ನನಾಳವು ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ಸ್ನಾಯುಪದರವನ್ನು ದಾಟಿ ಜಠರವನ್ನು ಸೇರುವ ಕಡೆ, ಮೂರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ, ಬಿಗಿಯಾದ ಸ್ನಾಯುವಿನ ಬಳೆಯೊಂದಿದೆ. ತುತ್ತು ಬಂದಾಗ ಸಡಿಲವಾಗಿ, ಅದು ಇಳಿದ ಮೇಲೆ ಮತ್ತೆ ಬಿಗಿಯಾಗುವುದು ಅದರ ಕೆಲಸ. ಜಠರ ತುಂಬಿ ಹಿಗ್ಗಿದಾಗ, ತೇಗಿನ ಗಾಳಿಯನ್ನು ಹೊರಬಿಡಲೆಂದು ಇದು ತುತ್ತಿಲ್ಲದಿದ್ದರೂ ಆಗಾಗ ಕೆಲವು ಸೆಕೆಂಡುಗಳ ಕಾಲ ಸಡಿಲವಾಗುತ್ತದೆ, ಆ ಸಂದಿನಲ್ಲಿ ಆಮ್ಲವೂ ಮೇಲೇರುತ್ತದೆ. ತುಪ್ಪ, ಎಣ್ಣೆ ಹೆಚ್ಚಿರುವ ಊಟ ಜಠರದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ; ತಂಬಾಕು ಮತ್ತು ಮದ್ಯ ಆ ಬಳೆಯ ಬಿಗಿಯನ್ನು ಕಡಿಮೆ ಮಾಡುತ್ತವೆ; ಬೊಜ್ಜು ಮತ್ತು ಬಸುರು ಕೆಳಗಿನಿಂದ ಒತ್ತುತ್ತವೆ; ಮಲಗಿದಾಗ ಆಮ್ಲ ಕೆಳಗೇ ಇರಲು ನೆಲದ ಸೆಳೆತದ ನೆರವೂ ತಪ್ಪುತ್ತದೆ. ಹಬ್ಬದೂಟದ ನಂತರ ಚಾಪೆಯ ಮೇಲೆ ಮಲಗಿದವರಿಗೆ ಇವುಗಳಲ್ಲಿ ಎರಡು ಮೂರು ಕಾರಣಗಳು ಒಟ್ಟಿಗೆ ಕೂಡಿಬಂದಿರುತ್ತವೆ.

ಇನ್ನು ಆ್ಯಂಟಾಸಿಡ್ ಮಾಡುವ ಕೆಲಸ. ಇದನ್ನು ಕಣ್ಣಾರೆ ನೋಡಬೇಕೆಂದರೆ ಪ್ರಯೋಗಾಲಯ ಬೇಕಿಲ್ಲ, ಆರತಿ ತಟ್ಟೆ ಸಾಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಓಕುಳಿಯಾಗಿ ಕೆಂಪಾಗುತ್ತದೆ, ಏಕೆಂದರೆ ಸುಣ್ಣ ಕ್ಷಾರ, ಅರಿಶಿನ ಕ್ಷಾರದಲ್ಲಿ ಕೆಂಪಾಗುವ ವಸ್ತು. ಆ ಕೆಂಪು ನೀರಿಗೆ ನಿಂಬೆಹಣ್ಣನ್ನು ಹನಿಹನಿಯಾಗಿ ಹಿಂಡುತ್ತ ಬನ್ನಿ. ಮೊದಲ ಹನಿಗಳು ಬಿದ್ದಲ್ಲಿ ಹಳದಿಯ ಸುಳಿಯೊಂದು ಕಾಣಿಸಿ ಮಾಯವಾಗುತ್ತದೆ, ಆಮೇಲೆ ಒಮ್ಮೆಲೇ ಇಡೀ ತಟ್ಟೆ ಮರಳಿ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಆಮ್ಲ ಮತ್ತು ಕ್ಷಾರ ಕೂಡಿ ಎರಡೂ ತಮ್ಮ ಗುಣ ಕಳೆದುಕೊಂಡು ಉಪ್ಪು ಮತ್ತು ನೀರಾದವು. ಹೊಟ್ಟೆಯೊಳಗೆ ನಡೆಯುವುದು ಇದೇ, ಅಲ್ಲಿ ಆಮ್ಲ ಮೊದಲಿರುತ್ತದೆ, ಕ್ಷಾರ ಆಮೇಲೆ ಬರುತ್ತದೆ. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಕ್ಷಾರವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ಬಾಯಿಯ ಮತ್ತು ಅನ್ನನಾಳದ ತೊಗಲನ್ನು ಸುಡುವಷ್ಟು ತೀಕ್ಷ್ಣ, ಅದನ್ನು ಔಷಧವೆಂದು ಎಂದೂ ಬಳಸಬಾರದು.

ಇಲ್ಲಿ ಪಿಎಚ್ ಲೆಕ್ಕದ ಒಂದು ಗುಟ್ಟು ತಿಳಿದಿರಬೇಕು. ಪಿಎಚ್ ಒಂದು ಅಂಕ ಏರಿತೆಂದರೆ ಆಮ್ಲದ ಸಾಂದ್ರತೆ ಹತ್ತು ಪಟ್ಟು ಇಳಿಯಿತೆಂದು ಅರ್ಥ. 1.5ರಲ್ಲಿದ್ದುದು 3.5ಕ್ಕೆ ಬಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಆಮ್ಲ ಶಮನವಾದಂತೆ. 4ನ್ನು ದಾಟಿದರೆ ಪೆಪ್ಸಿನ್ ಕೂಡ ಬಹುಮಟ್ಟಿಗೆ ತಣ್ಣಗಾಗುತ್ತದೆ. ಹೀಗಾಗಿ ಉರಿ ಇಳಿಯಲು ಹೊಟ್ಟೆಯನ್ನು ಪೂರ್ತಿ ನೀರಿನಂತೆ ಮಾಡಬೇಕಾಗಿಲ್ಲ, ಹೇಳಿದ ಪ್ರಮಾಣವೇ ಸಾಕು. ಬೇಗ ಇಳಿಯಲೆಂದು ಎರಡರಷ್ಟು ಕುಡಿಯುವುದರಿಂದ ಪಕ್ಕದ ಪರಿಣಾಮಗಳು ಹೆಚ್ಚುತ್ತವೆ, ಉಪಶಮನ ಹೆಚ್ಚುವುದಿಲ್ಲ.

ಅಂಗಡಿಯಲ್ಲಿ ಹೆಸರುಗಳು ನೂರಿದ್ದರೂ ಒಳಗಿರುವ ಕ್ಷಾರಗಳು ಮುಖ್ಯವಾಗಿ ನಾಲ್ಕೇ. ಡೈಜೀನ್, ಜೆಲುಸಿಲ್ ಮುಂತಾದ ದ್ರವಗಳಲ್ಲಿ ಇರುವುದು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಈ ಜೋಡಿಗೆ ಕಾರಣವಿದೆ. ಮೆಗ್ನೀಷಿಯಂ ಬೇಗ ಕೆಲಸ ಮಾಡುತ್ತದೆ, ಆದರೆ ಕರುಳಿಗೆ ನೀರನ್ನು ಎಳೆದು ಭೇದಿ ಮಾಡಿಸುತ್ತದೆ. 1873ರಲ್ಲಿ ಚಾರ್ಲ್ಸ್ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದ ಮಿಲ್ಕ್ ಆಫ್ ಮೆಗ್ನೀಷಿಯಾ ಇಂದಿಗೂ ಆ್ಯಂಟಾಸಿಡ್ಡಾಗಿ ಎಷ್ಟೋ ಮಲಬದ್ಧತೆಯ ಔಷಧವಾಗಿಯೂ ಅಷ್ಟೇ ಬಳಕೆಯಲ್ಲಿದೆ. ಅಲ್ಯೂಮಿನಿಯಂ ನಿಧಾನ, ಅದು ಮಲ ಕಟ್ಟಿಸುತ್ತದೆ. ಎರಡನ್ನೂ ಸೇರಿಸಿದರೆ ಒಂದರ ದೋಷವನ್ನು ಇನ್ನೊಂದು ತೂಗಿಸುತ್ತದೆ. ಆದರೂ ಈ ದ್ರವ ಕುಡಿಯುವ ದಿನಗಳಲ್ಲಿ ಹೊಟ್ಟೆ ಸಡಿಲವಾದರೆ ಅಥವಾ ಕಟ್ಟಿಕೊಂಡರೆ ಅದನ್ನು ಹೊಸ ರೋಗವೆಂದು ಹೆದರುವ ಮುನ್ನ ಬಾಟಲಿಯ ಕಡೆ ನೋಡಬೇಕು.

ಮೂರನೆಯದು ಕ್ಯಾಲ್ಸಿಯಂ ಕಾರ್ಬೊನೇಟ್. ಜಗಿದು ತಿನ್ನುವ ಹಲವು ಮಾತ್ರೆಗಳಲ್ಲಿ ಇದೇ ಇರುತ್ತದೆ. ಬೇಗ ಕೆಲಸ ಮಾಡುತ್ತದೆ, ಶಕ್ತಿಯೂ ಹೆಚ್ಚು. ಆದರೆ ಮೂಳೆಗೆಂದು ಈಗಾಗಲೇ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ತಿನ್ನುತ್ತಿರುವವರು ಇದನ್ನೂ ದಿನವೂ ಜಗಿಯುತ್ತಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಹುಣ್ಣಿಗೆ ಹಾಲು ಮತ್ತು ಕ್ಷಾರವನ್ನು ಗಂಟೆಗಂಟೆಗೆ ಕೊಡುವ ಪಥ್ಯವನ್ನು 1915ರಲ್ಲಿ ಬರ್ಟ್ರಂ ಸಿಪ್ಪಿ ಎಂಬ ಅಮೆರಿಕದ ವೈದ್ಯರು ಪ್ರಚಾರಕ್ಕೆ ತಂದಾಗ ಈ ತೊಂದರೆ ಮೊದಲು ದೊಡ್ಡದಾಗಿ ಕಾಣಿಸಿಕೊಂಡಿತು. ಉರಿಗೆ ತಣ್ಣನೆಯ ಹಾಲು ಕುಡಿಯುವ ನಮ್ಮ ಮನೆಮದ್ದಿನ ಬಗ್ಗೆಯೂ ಇಲ್ಲಿಯೇ ಹೇಳುವುದು ಒಳ್ಳೆಯದು: ಹಾಲು ಮೊದಲ ಕೆಲವು ನಿಮಿಷ ಆಮ್ಲವನ್ನು ತಡೆಯುತ್ತದೆ, ಆದರೆ ಅದರ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಜಠರವನ್ನು ಕೆಣಕಿ ಆಮೇಲೆ ಇನ್ನಷ್ಟು ಆಮ್ಲ ಸುರಿಯುವಂತೆ ಮಾಡುತ್ತವೆ.

ನಾಲ್ಕನೆಯದು ಸೋಡಿಯಂ ಬೈಕಾರ್ಬನೇಟ್, ಎಂದರೆ ಅಡುಗೆಸೋಡಾ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಾಗುವುದೂ, ಅತಿ ಕಡಿಮೆ ಯೋಚಿಸಿ ಬಳಸುವುದೂ ಇದನ್ನೇ. ಈನೋದಂಥ ಹಣ್ಣುಪ್ಪಿನ ಪುಡಿಗಳಲ್ಲಿ ಈ ಸೋಡಾದ ಜೊತೆ ಸಿಟ್ರಿಕ್ ಆಮ್ಲ ಇರುತ್ತದೆ. ನೀರಿಗೆ ಬಿದ್ದೊಡನೆ ಅವೆರಡೂ ಕೂಡಿ ನೊರೆ ಬರುತ್ತದೆ, ಉಳಿದ ಕ್ಷಾರ ಹೊಟ್ಟೆಯ ಆಮ್ಲವನ್ನು ಎದುರಿಸುತ್ತದೆ. ಊಟದ ನಂತರ ನಿಂಬೆಹಣ್ಣಿಗೆ ಸೋಡಾಪುಡಿ ಉದುರಿಸಿ ಕುಡಿಯುವ ಅಭ್ಯಾಸದ ಹಿಂದಿರುವುದೂ ಇದೇ ರಸಾಯನ. ಒಂದು ಗ್ರಾಂ ಸೋಡಾ ಪೂರ್ತಿಯಾಗಿ ಆಮ್ಲದೊಡನೆ ಕೂಡಿದರೆ ದೇಹದ ಉಷ್ಣತೆಯಲ್ಲಿ ಸುಮಾರು 300 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅಂದರೆ "ತೇಗು ಬಂತು, ಒಳಗಿದ್ದ ಗ್ಯಾಸೆಲ್ಲ ಹೋಯಿತು" ಎಂದು ನಾವು ಹಗುರಾಗುವಾಗ, ಹೊರಬಂದ ಗಾಳಿಯ ದೊಡ್ಡ ಪಾಲು ಆಗತಾನೆ ಆ ಪುಡಿಯೇ ಹುಟ್ಟಿಸಿದ ಗಾಳಿ. ಹಿಗ್ಗಿದ ಜಠರ ತೇಗಿನ ಜೊತೆ ಆಮ್ಲವನ್ನೂ ಮೇಲಕ್ಕೆ ತಳ್ಳಬಹುದು. ಆದ್ದರಿಂದ ಹೊಟ್ಟೆ ಬಿರಿಯುವಂತೆ ಉಂಡ ತಕ್ಷಣ ಸೋಡಾ ಕುಡಿಯುವುದು ಸರಿಯಲ್ಲ.

ಅದಕ್ಕಿಂತ ದೊಡ್ಡ ಮಾತು ಸೋಡಿಯಂನದು. ಒಂದು ಸಣ್ಣ ಚಮಚ ಅಡುಗೆಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳಿರುವ ಮಿತಿ 2,000 ಮಿಲಿಗ್ರಾಂ. ರಕ್ತದೊತ್ತಡಕ್ಕೆಂದು ಉಪ್ಪಿನಕಾಯಿ, ಹಪ್ಪಳ ಬಿಟ್ಟು, ಸಾರಿಗೆ ಅರ್ಧ ಉಪ್ಪು ಹಾಕಿಸಿಕೊಂಡು ಉಣ್ಣುವ ಹಿರಿಯರು ರಾತ್ರಿ ಒಂದು ಲೋಟ ಸೋಡಾನೀರು ಕುಡಿದರೆ ದಿನದ ಪಥ್ಯವೆಲ್ಲ ಅಲ್ಲಿಗೇ ಕರಗುತ್ತದೆ. ನಾಲಿಗೆಗೆ ಉಪ್ಪೆನಿಸದ ಕಾರಣ ಇದು ಯಾರ ಗಮನಕ್ಕೂ ಬರುವುದಿಲ್ಲ. ರಕ್ತದೊತ್ತಡ, ಹೃದಯದ ದೌರ್ಬಲ್ಯ, ಕಾಲುಬಾವು, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಬಸುರಿಯರು ಸೋಡಾ ಆಧಾರದ ಪುಡಿಗಳಿಂದ ದೂರವಿರಬೇಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮೆಗ್ನೀಷಿಯಂ, ಅಲ್ಯೂಮಿನಿಯಂ ದ್ರವಗಳೂ ಕ್ಷೇಮವಲ್ಲ. ಮೂತ್ರದಲ್ಲಿ ಹೊರಹೋಗಬೇಕಾದ ಈ ಲೋಹಗಳು ದೇಹದಲ್ಲಿ ಉಳಿದುಕೊಳ್ಳುತ್ತವೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಯಾವ ಆ್ಯಂಟಾಸಿಡ್ಡನ್ನೂ ಬಾಯಿಗೆ ಹಾಕಿಕೊಳ್ಳಬಾರದು.

ತೆಗೆದುಕೊಳ್ಳುವ ಕ್ರಮದಲ್ಲಿಯೂ ಅರ್ಧ ಗುಣ ಅಡಗಿದೆ. ಖಾಲಿ ಹೊಟ್ಟೆಯಲ್ಲಿ ಕುಡಿದ ಆ್ಯಂಟಾಸಿಡ್ ಅರ್ಧ ಗಂಟೆಯೊಳಗೆ ಜಠರದಿಂದ ಕರುಳಿಗೆ ಜಾರಿಹೋಗುತ್ತದೆ, ಅದರ ಉಪಕಾರವೂ ಅಷ್ಟೇ ಹೊತ್ತಿನದು. ಊಟವಾದ ಸುಮಾರು ಒಂದು ಗಂಟೆಗೆ ಕುಡಿದರೆ ಆಹಾರ ಅದನ್ನೂ ತನ್ನೊಡನೆ ಹಿಡಿದಿಟ್ಟುಕೊಳ್ಳುವುದರಿಂದ ಎರಡರಿಂದ ಮೂರು ಗಂಟೆಯವರೆಗೆ ಕೆಲಸ ನಡೆಯುತ್ತದೆ. ರಾತ್ರಿ ಉರಿ ಬರುವವರು ಮಲಗುವ ಹೊತ್ತಿಗೆ ಒಮ್ಮೆ ತೆಗೆದುಕೊಳ್ಳಬಹುದು. ಬಾಟಲಿಯಲ್ಲಿರುವುದು ನೀರಿನಲ್ಲಿ ಕರಗದೆ ತೇಲುವ ಪುಡಿಯಾದ್ದರಿಂದ ಚೆನ್ನಾಗಿ ಕುಲುಕಲೇಬೇಕು, ಇಲ್ಲವಾದರೆ ಮೊದಲ ದಿನಗಳಲ್ಲಿ ಬರಿಯ ತಿಳಿಯನ್ನೂ ಕೊನೆಯ ದಿನಗಳಲ್ಲಿ ಬರಿಯ ಗಷ್ಟನ್ನೂ ಕುಡಿದಂತಾಗುತ್ತದೆ. ಮುಚ್ಚಳದ ಮೇಲಿನ ಅಳತೆಯ ಗೆರೆಯನ್ನು ನಂಬಬೇಕು, ಅಡುಗೆಮನೆಯ ಚಮಚವನ್ನಲ್ಲ. ಮಾತ್ರೆಯನ್ನು ನುಂಗದೆ ನುಣ್ಣಗೆ ಜಗಿಯಬೇಕು. ಇಡಿಯಾಗಿ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗುವಷ್ಟರಲ್ಲಿ ಉರಿಯೇ ತನ್ನ ಪಾಡಿಗೆ ಇಳಿದಿರುತ್ತದೆ. ಜಗಿಯುವಾಗ ಊರುವ ಜೊಲ್ಲಿನಲ್ಲಿಯೂ ಬೈಕಾರ್ಬನೇಟ್ ಇದ್ದು, ಅದು ಅನ್ನನಾಳವನ್ನು ತೊಳೆಯುತ್ತದೆ.

ಈಗ ನಾನು ಎಲ್ಲರಿಗೂ ಒತ್ತಿ ಹೇಳಬಯಸುವ ವಿಷಯ, ಬೇರೆ ಮಾತ್ರೆಗಳ ಜೊತೆಗಿನ ಅಂತರ. ಆ್ಯಂಟಾಸಿಡ್ಡಿನಲ್ಲಿರುವ ಲೋಹಗಳು ಕೆಲವು ಔಷಧಗಳನ್ನು ಹೊಟ್ಟೆಯಲ್ಲಿಯೇ ಹಿಡಿದು ಕಟ್ಟಿಹಾಕುತ್ತವೆ, ಆಗ ಆ ಔಷಧ ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ಹೆರಿಗೆಗೆ ಮುಂಚಿನ ತಪಾಸಣೆಗೆ ಹೋದ ಬಸುರಿಗೆ ಆಶಾ ಕಾರ್ಯಕರ್ತೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಬಸುರಿನಲ್ಲಿ ಎದೆಯುರಿ ಸಾಮಾನ್ಯ, ಜೊತೆಗೆ ಕಬ್ಬಿಣದ ಮಾತ್ರೆಯೂ ಹೊಟ್ಟೆಯನ್ನು ಕೆಣಕುತ್ತದೆ. ಹೊಟ್ಟೆ ಉರಿಯಬಾರದೆಂದು ಆಕೆ ಅದನ್ನು ನುಂಗಿದ ಬೆನ್ನಿಗೇ ಆ್ಯಂಟಾಸಿಡ್ ಕುಡಿದರೆ ಕಬ್ಬಿಣ ಹೀರಿಕೆಯಾಗುವುದು ಕುಗ್ಗುತ್ತದೆ. ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲವೆಂದು ಮನೆಯವರು ಆಕೆಯ ಊಟವನ್ನು ದೂರುತ್ತಾರೆ, ಆದರೆ ತಪ್ಪು ಎರಡು ಔಷಧಗಳ ನಡುವಿನ ಹೊತ್ತಿನಲ್ಲಿ ಇದ್ದೀತು. ಇವೆರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಬೇಕು. ಬಸುರಿಯರ ಎದೆಯುರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಅಥವಾ ಆಲ್ಜಿನೇಟ್ ಇರುವ ದ್ರವವನ್ನು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಆಲ್ಜಿನೇಟ್ ಎಂಬುದು ಕಡಲಪಾಚಿಯಿಂದ ತೆಗೆದ ವಸ್ತು. ಜಠರದಲ್ಲಿರುವುದರ ಮೇಲೆ ಕೆನೆಯಂತೆ ಕಟ್ಟಿಕೊಂಡು ಆಮ್ಲ ಮೇಲೇರದಂತೆ ತಡೆಯುತ್ತದೆ.

ಥೈರಾಯ್ಡ್ ಮಾತ್ರೆಗೆ ಅಂತರ ಇನ್ನೂ ಹೆಚ್ಚು, ನಾಲ್ಕು ಗಂಟೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೆವೊಥೈರಾಕ್ಸಿನ್ ನುಂಗಿ, ತಿಂಡಿಯ ನಂತರ ಹೊಟ್ಟೆ ಉರಿಯಿತೆಂದು ಆ್ಯಂಟಾಸಿಡ್ ಕುಡಿಯುವವರ ಟಿಎಸ್‌ಎಚ್ ಮಟ್ಟ (ಥೈರಾಯ್ಡ್ ಕೊರತೆಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕ) ಏರುತ್ತಲೇ ಹೋಗಿ, ವೈದ್ಯರು ಮಾತ್ರೆಯ ಪ್ರಮಾಣವನ್ನು ಅನಗತ್ಯವಾಗಿ ಹೆಚ್ಚಿಸುವ ಪ್ರಸಂಗ ಬರುತ್ತದೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್‌ಗಳದ್ದೂ ಇದೇ ಕಥೆ. ಸಿಪ್ರೊಫ್ಲಾಕ್ಸಾಸಿನ್ನನ್ನು ಆ್ಯಂಟಾಸಿಡ್ಡಿಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಇಲ್ಲವಾದರೆ ಸೋಂಕು ವಾಸಿಯಾಗದೆ ಉಳಿಯುತ್ತದೆ. ಕರುಳಿಗೆ ಹೋದ ಮೇಲೆ ಕರಗಲೆಂದು ವಿಶೇಷ ಲೇಪ ಕೊಟ್ಟ ಮಾತ್ರೆಗಳೂ ಇವೆ. ಆ್ಯಂಟಾಸಿಡ್ ಜಠರದ ಆಮ್ಲವನ್ನು ಇಳಿಸಿದಾಗ ಆ ಲೇಪ ಕರುಳು ಬಂತೆಂದೇ ತಿಳಿದು ಮುಂಚೆಯೇ ಕರಗಿಬಿಡುತ್ತದೆ. ಹೀಗಾಗಿ ವೈದ್ಯರು ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ, ಚೀಟಿಯಿಲ್ಲದೆ ಕೊಂಡು ತಂದ ಈ ಬಾಟಲಿಯನ್ನೂ ಹೇಳುವುದು ಅಗತ್ಯ. ಅದನ್ನು ಔಷಧವೆಂದೇ ಲೆಕ್ಕಿಸದಿರುವುದರಿಂದ ಬಹಳ ಜನ ಹೇಳುವುದೇ ಇಲ್ಲ.

ಹೊಟ್ಟೆಯುಬ್ಬರಕ್ಕೆ ಆ್ಯಂಟಾಸಿಡ್ ಏನು ಮಾಡುತ್ತದೆ? ಕ್ಷಾರವಾಗಿ ಏನೂ ಮಾಡುವುದಿಲ್ಲ. ಹಲವು ದ್ರವಗಳಲ್ಲಿ ಜೊತೆಗೆ ಸೇರಿಸಿರುವ ಸಿಮೆಥಿಕೋನ್ ಎಂಬುದು ಸಣ್ಣ ಸಣ್ಣ ಗುಳ್ಳೆಗಳನ್ನು ಒಡೆದು ಒಂದಾಗಿಸಿ, ಗಾಳಿ ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ; ಆಮ್ಲಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಅಜೀರ್ಣ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಉಂಡದ್ದು ಗಂಟೆಗಟ್ಟಲೆ ಕಲ್ಲಿನಂತೆ ಕೂತಿರುವುದು ಮುಂತಾದ ಲಕ್ಷಣಗಳಿರುವ ಅನೇಕರಲ್ಲಿ ಎಂಡೋಸ್ಕೋಪಿ ಮಾಡಿ ನೋಡಿದರೂ ಏನೂ ಕಾಣುವುದಿಲ್ಲ. ಜಠರದ ಚಲನೆ ಮತ್ತು ಅದರ ನರಗಳ ಸೂಕ್ಷ್ಮತೆಯಲ್ಲಿ ಏರುಪೇರಾಗಿರುತ್ತದೆ. ನೋವು ನಿಜವೇ, ಆದರೆ ಅದರ ಮೂಲ ಆಮ್ಲವಲ್ಲದ ಕಾರಣ ಆ್ಯಂಟಾಸಿಡ್ಡಿನ ಬಾಟಲಿಗಳು ಖಾಲಿಯಾಗುತ್ತವೆ, ಸಂಕಟ ಹಾಗೇ ಉಳಿಯುತ್ತದೆ. ಅಂಥವರಿಗೆ ಬೇಕಾಗಿರುವುದು ಬೇರೆ ಚಿಕಿತ್ಸೆ.

ಹುಣ್ಣಿನ ವಿಷಯದಲ್ಲಿ ಆ್ಯಂಟಾಸಿಡ್ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಹುಣ್ಣಿನ ನೋವನ್ನು ನಿಜವಾಗಿಯೂ ತಗ್ಗಿಸುತ್ತದೆ. ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗದ ಹುಣ್ಣುಗಳಲ್ಲಿ ಬಹುಪಾಲಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾವನ್ನು ಗುರುತಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ತಮ್ಮ ಮಾತನ್ನು ಯಾರೂ ನಂಬದಿದ್ದಾಗ 1984ರಲ್ಲಿ ಅದನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು; 2005ರಲ್ಲಿ ಅವರಿಗೂ ಅವರ ಸಹಸಂಶೋಧಕ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಆ ಹುಣ್ಣು ಆ್ಯಂಟಿಬಯಾಟಿಕ್ ಚಿಕಿತ್ಸೆಯಿಂದ ವಾಸಿಯಾಗುವಂಥದು. ಇನ್ನು ಮಂಡಿನೋವಿಗೆಂದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ತಾವೇ ತಂದು ದಿನವೂ ನುಂಗುತ್ತ, ಅದರಿಂದ ಬಂದ ಹೊಟ್ಟೆನೋವಿಗೆ ಗುಲಾಬಿ ಬಣ್ಣದ ದ್ರವ ಕುಡಿಯುತ್ತ ಇರುವ ಹಿರಿಯರು ನಮ್ಮ ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರ ಹುಣ್ಣು ಒಂದು ದಿನ ರಕ್ತ ಸುರಿಸಿಯೇ ಹೊರಬೀಳುತ್ತದೆ.

ಆಮ್ಲ ತಯಾರಾಗುವುದನ್ನೇ ತಡೆಯುವ ಔಷಧಗಳು ಬೇರೆ, ಅವನ್ನು ಆ್ಯಂಟಾಸಿಡ್ಡಿನೊಂದಿಗೆ ಕಲಸಿಕೊಳ್ಳಬಾರದು. ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯಿಂದ 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಸಿಮೆಟಿಡಿನ್ ಮೊದಲನೆಯ ಬಗೆ. ಅದೇ ಗುಂಪಿನ ರ‍್ಯಾನಿಟಿಡಿನ್‌ನಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಕಂಡುಬಂದದ್ದರಿಂದ ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಹೇಳಿತು, ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದು 2022ರಲ್ಲಿ ಹೊರಬಿತ್ತು. ಈ ಗುಂಪಿನ ಇನ್ನೊಂದು ಔಷಧ ಫ್ಯಾಮೊಟಿಡಿನ್. ಎರಡನೆಯ ಬಗೆ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು. ಇವು ಆಮ್ಲ ಹೊರಸುರಿಸುವ ಜೀವಕೋಶಗಳ ಪಂಪನ್ನೇ ನಿಲ್ಲಿಸುತ್ತವೆ. ಊಟ ಪಂಪನ್ನು ಚಾಲೂ ಮಾಡುವ ಮೊದಲೇ ಔಷಧ ರಕ್ತದಲ್ಲಿ ಇರಬೇಕಾದ್ದರಿಂದ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಬೇಕು, ಪೂರ್ಣ ಪರಿಣಾಮಕ್ಕೆ ಕೆಲವು ದಿನ ಬೇಕು. ಉರಿ ಎದ್ದಾಗ ಒಂದು ಪ್ಯಾಂಟೊಪ್ರಜೋಲ್ ನುಂಗಿ ಹತ್ತು ನಿಮಿಷದಲ್ಲಿ ಇಳಿಯಲೆಂದು ಕಾಯುವವರಿಗೆ ನಿರಾಸೆಯಾಗುವುದು ಇದಕ್ಕೇ. ವೈದ್ಯರು ಆರು ಅಥವಾ ಎಂಟು ವಾರಕ್ಕೆ ಬರೆದುಕೊಟ್ಟದ್ದನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಳ್ಳುವುದು ಸರಿಯಲ್ಲ; ದೀರ್ಘಕಾಲದ ಬಳಕೆಯಲ್ಲಿ ಬಿ12 ಮತ್ತು ಮೆಗ್ನೀಷಿಯಂ ಕೊರತೆ ಕಾಣಿಸಿಕೊಳ್ಳಬಹುದು.

ಎಲ್ಲಕ್ಕಿಂತ ಗಂಭೀರವಾದ ಮಾತು ಹೃದಯದ್ದು. ಹೃದಯದ ಕೆಳಭಾಗ ವಪೆಯ ಮೇಲೆಯೇ ಕೂತಿದೆ, ಹೃದಯದ ಮತ್ತು ಅನ್ನನಾಳದ ನೋವನ್ನು ಒಯ್ಯುವ ನರಗಳ ದಾರಿ ಬಹುಪಾಲು ಒಂದೇ. ಆದ್ದರಿಂದ ಹೃದಯಾಘಾತ ಎಷ್ಟೋ ವೇಳೆ ಮೇಲುಹೊಟ್ಟೆಯ ಸಂಕಟವಾಗಿ, ಉರಿಯಾಗಿ, ಒಂದು ತೇಗು ಬಂದರೆ ಸಾಕೆಂಬ ತಳಮಳವಾಗಿ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಇಷ್ಟೇ ಇರಬಹುದು. ನನ್ನ ಸೋದರಮಾವ ಒಂದು ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಹೊಟ್ಟೆ ಹಿಂಡಿದಂತಾಗುತ್ತಿದೆ ಎಂದರು. ಅತ್ತೆ ಸೋಡಾ ಕಲಸಿ ಕೊಟ್ಟರು, ತೇಗು ಬಂತು, ಸ್ವಲ್ಪ ಹಗುರಾಯಿತೆಂದು ಮಲಗಿದರು. ಎರಡು ಗಂಟೆಗೆ ಮತ್ತೊಮ್ಮೆ ಸೋಡಾ. ಬೆಳಿಗ್ಗೆ ಬನಿಯನ್ ಹಿಂಡುವಷ್ಟು ಬೆವೆತಿದ್ದನ್ನು ನೋಡಿ ಆಸ್ಪತ್ರೆಗೆ ಕರೆದೊಯ್ದಾಗ ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಜೀವ ಉಳಿಯಿತು, ಆದರೆ ಆ ಎಂಟು ಗಂಟೆಯಲ್ಲಿ ಸತ್ತ ಹೃದಯದ ಸ್ನಾಯು ಮರಳಲಿಲ್ಲ. ಇಂದಿಗೂ ಅವರು ಒಂದು ಮಹಡಿ ಹತ್ತಲು ಎರಡು ಕಡೆ ನಿಲ್ಲುತ್ತಾರೆ.

ಆ್ಯಂಟಾಸಿಡ್ ಕುಡಿದ ಮೇಲೆ ನೋವು ಇಳಿಯಿತು ಎಂಬುದು ಹೃದಯ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಇಳಿಯುವಂತಿದ್ದರೆ, ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡಿದರೆ, ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಕರಿಕೆ ಜೊತೆಗಿದ್ದರೆ, ಅಥವಾ ಹಿಂದೆಂದೂ ಅನುಭವಿಸದಂಥ ಸಂಕಟವಾಗಿದ್ದರೆ ಲೋಟಕ್ಕೆ ಕೈ ಹಾಕದೆ 108ಕ್ಕೆ ಕರೆ ಮಾಡಬೇಕು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆ ಚುಚ್ಚುಮದ್ದಿನ ಬಲ ಮೊದಲ ಗಂಟೆಗಳಲ್ಲಿ ಹೆಚ್ಚು, ತಡವಾದಂತೆ ಕುಗ್ಗುತ್ತದೆ. ಕೊನೆಗೆ ಅದು ಬರಿಯ ಎದೆಯುರಿಯೇ ಆಗಿದ್ದರೂ ಒಂದು ಇಸಿಜಿಗೆ ಹೋದ ಹೊತ್ತು ವ್ಯರ್ಥವಲ್ಲ.

ಇಷ್ಟು ತುರ್ತಲ್ಲದಿದ್ದರೂ ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳಿವೆ. ನುಂಗುವಾಗ ತುತ್ತು ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗಿ ಹೋಗುವುದು, ರಕ್ತ ಅಥವಾ ಕಾಫಿಗಷ್ಟಿನಂಥ ವಾಂತಿ, ಬಿಡದ ರಕ್ತಹೀನತೆ, ಐವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಆ್ಯಂಟಾಸಿಡ್ ಕುಡಿಯುತ್ತ ಕಾಯಬಾರದು. ಕಬ್ಬಿಣದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ, ಆದರೆ ಜಿಗುಟಾಗಿ ಕೆಟ್ಟ ವಾಸನೆಯಿದ್ದರೆ ತೋರಿಸಬೇಕು. ಇವೊಂದೂ ಇಲ್ಲದಿದ್ದರೂ, ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬಾಟಲಿ ಹುಡುಕಬೇಕಾಗುತ್ತಿದ್ದರೆ, ಅಥವಾ ಎರಡು ವಾರ ಸತತವಾಗಿ ಕುಡಿದೂ ಉರಿ ಮರುಕಳಿಸುತ್ತಿದ್ದರೆ, ಅದು ಆ್ಯಂಟಾಸಿಡ್ಡಿನ ಕೈಮೀರಿದ ತೊಂದರೆ. ವರ್ಷಗಟ್ಟಲೆ ಆಮ್ಲ ತಾಗಿದ ಅನ್ನನಾಳದ ಒಳಪದರ ಕೆಲವರಲ್ಲಿ ಬದಲಾಗಿ ಕ್ಯಾನ್ಸರಿಗೂ ದಾರಿಯಾಗುತ್ತದೆ.

ರಾತ್ರಿಯ ಉರಿಗೆ ಔಷಧಕ್ಕಿಂತ ಮಲಗುವ ಕ್ರಮವೇ ಹೆಚ್ಚು ನೆರವಾಗುವುದನ್ನು ನೋಡಿದ್ದೇನೆ. ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಬಿಡುವುದು ಮೊದಲನೆಯದು; ನಿದ್ದೆಯಲ್ಲಿ ನುಂಗುವುದೂ ಜೊಲ್ಲು ಊರುವುದೂ ಕಡಿಮೆಯಾಗುವುದರಿಂದ ಆಗ ಮೇಲೇರಿದ ಆಮ್ಲ ಬಹಳ ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಎರಡು ದಿಂಬು ಇಟ್ಟುಕೊಂಡರೆ ಪ್ರಯೋಜನವಿಲ್ಲ, ಕತ್ತು ಮಾತ್ರ ಮೇಲೇರಿ ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚುತ್ತದೆ. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಅರ್ಧ ಅಡಿಯಷ್ಟು ಎತ್ತರಕ್ಕೆ, ಅಲುಗಾಡದಂತೆ, ಮರದ ದಿಮ್ಮಿಯನ್ನೋ ಇಟ್ಟಿಗೆಯನ್ನೋ ಇಡಬೇಕು. ನೆಲದ ಮೇಲೆ ಮಲಗುವವರು ಹಾಸಿಗೆಯ ಕೆಳಗೆ ತಲೆಯಿಂದ ಸೊಂಟದವರೆಗೆ ಇಳಿಜಾರಾಗುವಂತೆ ಕಂಬಳಿಗಳನ್ನು ಮಡಚಿ ಜೋಡಿಸಬಹುದು. ಮಲಗುವಾಗ ಎಡಮಗ್ಗುಲಾಗಬೇಕು. ಎಡಕ್ಕೆ ಹೊರಳಿದಾಗ ಜಠರದ ದೊಡ್ಡ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಬಲಕ್ಕೆ ಹೊರಳಿದರೆ ಆ ಬಾಯಿ ಆಮ್ಲದಲ್ಲಿ ಮುಳುಗುತ್ತದೆ.